ಹಳ್ಳದ ಹನಿ, ಬಳ್ಳದ ಕಾಳು



ನಮ್ಮ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಆಗಸ್ಟ್ 15 ಮುಗಿದರೂ ಧ್ವಜದ ಕಂಬಕ್ಕೆ ಬಿಡುವಿಲ್ಲ. ತಿಂಗಳೊಪ್ಪತ್ತಿನಲ್ಲಿ ಸೆಪ್ಟೆಂಬರ್ 17 ಬರುತ್ತದೆ, ಅದರ ಹಿಂದೆ ನವೆಂಬರ್ 1. ಮೈಸೂರು, ಮಂಗಳೂರಿನ ಮಕ್ಕಳಿಗೆ ಸೆಪ್ಟೆಂಬರ್ 17 ಎಂದಿನಂಥದೇ ಒಂದು ದಿನ. ನಮಗೆ ಅದು 1948ರಲ್ಲಿ ನಿಜಾಮರು ಶರಣಾಗಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ. ಒಂದನ್ನು ‘ವಿಲೀನ’ ಎನ್ನುತ್ತೇವೆ. 1956ರ ನವೆಂಬರ್ 1ರಂದು ನಡೆದ ಇನ್ನೊಂದನ್ನು ‘ಏಕೀಕರಣ’ ಎನ್ನುತ್ತೇವೆ. ಸಿಂಧನೂರಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಈ ಎರಡು ಶಬ್ದಗಳನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ.

ಒಂದು ವರ್ಷ ಎರಡನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ವಿಲೀನ ಅಂದ್ರೂ ಒಂದಾಗೋದು, ಏಕೀಕರಣ ಅಂದ್ರೂ ಒಂದಾಗೋದು. ಮತ್ತ ಎರಡು ಶಬ್ದ ಯಾಕ್ರಿ ಬೇಕು?” ಎಂದು ಕೇಳಿದಳು.

ಅವಳು ಆರ್.ಎಚ್. ಕ್ಯಾಂಪಿನಿಂದ ಬರುತ್ತಿದ್ದಳು. ದೂರದ ಊರಿನ ಕೇಳುಗರಿಗಾಗಿ ಹೇಳುತ್ತೇನೆ: ಪೂರ್ವ ಪಾಕಿಸ್ತಾನದಿಂದ ಮನೆಮಾರು ಬಿಟ್ಟು ಬಂದ ಬಂಗಾಲಿ ಕುಟುಂಬಗಳಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತು. ಆ ಪುನರ್ವಸತಿ ಕ್ಯಾಂಪುಗಳಿಗೆ ಒಂದು, ಎರಡು, ಮೂರು ಎಂದು ಅಂಕಿಗಳೇ ಹೆಸರು. ಅವಳ ಮನೆಯಲ್ಲಿ ಬಂಗಾಲಿ ಮಾತು, ಬೀದಿಯಲ್ಲಿ ನಮ್ಮ ಮಾತು.

ಅಂದು ನಾನು, ಎರಡೂ ಸಮಾನಾರ್ಥಕ ಶಬ್ದ, ಪರೀಕ್ಷೆಗೆ ಯಾವುದನ್ನು ಬರೆದರೂ ನಡೆಯುತ್ತದೆ ಎಂದು ಹೇಳಿ ಕೂಡ್ರಿಸಿದೆ. ಆ ಉತ್ತರ ತಪ್ಪು. ತಪ್ಪು ಎಂದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಇವತ್ತು ಬಾನುಲಿಯ ಮೈಕಿನ ಮುಂದೆ ಕುಳಿತು ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಕೊಡುತ್ತಿದ್ದೇನೆ.

ಮೊದಲು ವಿಲೀನ. ಸಂಸ್ಕೃತದ ‘ಲೀ’ ಧಾತುವಿಗೆ ಅಂಟಿಕೊಳ್ಳು, ಕರಗು ಎಂಬ ಅರ್ಥಗಳಿವೆ. ‘ವಿ’ ಸೇರಿದರೆ ಪೂರ್ತಿ ಕರಗಿ ಕಾಣದಂತಾಗು. ಉಪ್ಪು ನೀರಿನಲ್ಲಿ ವಿಲೀನವಾಗುತ್ತದೆ. ರುಚಿ ಉಳಿಯುತ್ತದೆ, ಹರಳು ಉಳಿಯುವುದಿಲ್ಲ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್, ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ನಿಜಾಮರ ಕಾಲದಲ್ಲಿ, 1941ರಲ್ಲಿ ಹುಟ್ಟಿದ ಬ್ಯಾಂಕು ಅದು. ನಮ್ಮ ಕಡೆ ಎಷ್ಟೋ ರೈತರ ಬೆಳೆಸಾಲ, ಮಾಸ್ತರರ ಸಂಬಳ ಆ ಬ್ಯಾಂಕಿನ ಮೂಲಕವೇ ನಡೆದಿತ್ತು. ಹಣ ಎಲ್ಲೂ ಹೋಗಲಿಲ್ಲ. ಆದರೆ ಬೋರ್ಡು ಇಳಿಯಿತು, ಪಾಸ್‌ಬುಕ್ಕಿನ ಮೇಲಿನ ಹೆಸರು ಹೋಯಿತು. ಶಬ್ದಕ್ಕೆ ತಕ್ಕ ಕೆಲಸವೇ ನಡೆಯಿತು.

ಏಕೀಕರಣ ಬೇರೆ ಜಾತಿಯ ಶಬ್ದ. ‘ಏಕ’ ಎಂಬುದು ‘ಏಕೀ’ ಎಂದು ದೀರ್ಘವಾಗಿದೆಯಲ್ಲ, ಆ ದೀರ್ಘಕ್ಕೆ ಕಾರಣವಿದೆ. ಸಂಸ್ಕೃತ ವ್ಯಾಕರಣದಲ್ಲಿ ಅದಕ್ಕೆ ‘ಚ್ವಿ’ ಪ್ರತ್ಯಯ ಎನ್ನುತ್ತಾರೆ. ಮೊದಲು ಹಾಗೆ ಇರದಿದ್ದದ್ದು ಈಗ ಹಾಗಾಯಿತು ಎಂದು ಹೇಳಬೇಕಾದಾಗ ಅದು ಬರುತ್ತದೆ. ಘನವಲ್ಲದ್ದು ಘನವಾದರೆ ‘ಘನೀ’, ಸರಳವಲ್ಲದ್ದು ಸರಳವಾದರೆ ‘ಸರಳೀ’. ಅದರ ಮುಂದೆ ‘ಕರಣ’ ಬಂದರೆ ಯಾರೋ ಹಾಗೆ ಮಾಡಿದರು ಎಂದು ಅರ್ಥ, ‘ಭೂತ’ ಅಥವಾ ‘ಭವನ’ ಬಂದರೆ ತಾನೇ ಹಾಗಾಯಿತು ಎಂದು ಅರ್ಥ. ಹಾಗಾದರೆ ಏಕೀಕರಣ ಎಂದರೆ ಒಂದಾಗಿರದಿದ್ದುದನ್ನು ಯಾರೋ ಒಂದು ಮಾಡಿದ್ದು. ಮುಂಬಯಿ ಪ್ರಾಂತ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ಜನರನ್ನು ಚಳವಳಿ ಮಾಡಿದವರು, ಜೈಲಿಗೆ ಹೋದವರು, ಕಡೆಗೆ ಕಾಯ್ದೆ ಬರೆದವರು ಒಂದು ಮಾಡಿದರು. ಹೈದರಾಬಾದಿನಿಂದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಬಂದವು. ಈ ಶಬ್ದದೊಳಗೆ ಮಾಡಿದವರ ಶ್ರಮವಿದೆ. ವಿಲೀನದೊಳಗೆ ಅದು ಕಾಣುವುದಿಲ್ಲ.

ಇವೆರಡೂ ಸಂಸ್ಕೃತದಿಂದ ಬಂದವು, ಕಚೇರಿಗೆ ಒಗ್ಗಿದವು. ಸಿಂಧನೂರಿನ ಸಂತೆಯಲ್ಲಿ ನೀವು ಇವನ್ನು ಕೇಳಲಾರಿರಿ. ಅಲ್ಲಿ ಕೇಳಿಸುವುದು ‘ಕೂಡು’.

ಈ ಎರಡಕ್ಷರದ ಕ್ರಿಯಾಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಜನ ಕೂಡಿದರೆ ಕೂಟ. ನದಿ ಕೂಡಿದಲ್ಲಿ ಕೂಡಲ, ಕೂಡಲಿ, ಕೂಡಿಗೆ. ಹಣ ತೆಗೆದಿಟ್ಟರೆ ಕೂಡಿಟ್ಟದ್ದು. ಅಂಕಿಗಳಿಗೆ ಕೂಡುವ ಲೆಕ್ಕ. ಮದುವೆಗೆ ಕಾಲ ಕೂಡಿಬರಬೇಕು. ‘ಕೂಡಲೇ’ ಬಾ ಎಂದರೆ ಎರಡು ಗಳಿಗೆಗಳ ನಡುವೆ ಸಂದು ಬಿಡದೆ ಬಾ ಎಂದು. ‘ನಾನೂ ಕೂಡ’ ಎಂದರೆ ನನ್ನನ್ನು ಆ ಗುಂಪಿನಲ್ಲಿ ಎಣಿಸು ಎಂದು. ನಮ್ಮ ಕಡೆ ‘ಅವನ ಕೂಡ ಹೋದೆ’ ಎನ್ನುತ್ತೇವೆ. ಅದು ‘ಅವನೊಡನೆ’ ಎಂಬ ಅರ್ಥದ ಹಳೆಯ ಬಳಕೆ. ‘ಒಂದು’ ಎಂಬ ಅರ್ಥದ ಹಳಗನ್ನಡದ ‘ಒರ್’ ಸೇರಿ ‘ಒಗ್ಗೂಡು’, ‘ಒಕ್ಕೂಟ’ ಆದವು. ಧಾರವಾಡದ ಕಡೆ ‘ಕೂಡ್ರಿ’ ಎಂದರೆ ಕುಳಿತುಕೊಳ್ಳಿ ಎಂದು. ಅದರ ಬೇರು ಬೇರೆ, ‘ಕುಳ್ಳಿರು’ ಎಂಬುದರಿಂದ ಬಂದದ್ದು. ಆದರೂ ಮನೆಗೆ ಬಂದವರಿಗೆ ಅದನ್ನು ಹೇಳುವಾಗ ನನಗೆ ಎರಡು ಅರ್ಥವೂ ಕೇಳಿಸುತ್ತದೆ.

‘ಕೂಡದು’ ಎಂಬ ಶಬ್ದ ನನಗೆ ಬಹಳ ಹಿಡಿಸಿದ್ದು. ಮಾಡಬಾರದು ಎನ್ನಲು ಕನ್ನಡಿಗರು ‘ಮಾಡಕೂಡದು’ ಎನ್ನುತ್ತಾರೆ. ಅಂದರೆ ಅದು ಹೊಂದಿಕೆಯಾಗದು, ಕೂಡಿಬರದು. ತೆಲುಗರಲ್ಲಿಯೂ ‘ಕೂಡದು’ ಇದೆ, ತಮಿಳರಲ್ಲಿ ‘ಕೂಡಾದು’ ಇದೆ. ಯಾವುದು ತಪ್ಪು ಎಂದು ಹೇಳಲು ದಕ್ಷಿಣದ ಈ ಮೂರು ನುಡಿಗಳೂ ಆರಿಸಿಕೊಂಡದ್ದು ಒಂದೇ ಶಬ್ದ: ಕೂಡದ್ದು ತಪ್ಪು.

ಈ ಒಂದೇ ಶಬ್ದ ನಮ್ಮ ತಾಲ್ಲೂಕಿನಲ್ಲಿ ಹೇಗೆ ಉಪಯೋಗಕ್ಕೆ ಬಂತು ನೋಡಿ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆಯ ನೀರಿನ ಹಿಂದೆಯೇ ಕರಾವಳಿ ಆಂಧ್ರದ ರೈತರು ಬಂದು ನಮ್ಮ ಜೋಳದ ಎರೆ ಹೊಲಗಳ ಪಕ್ಕದಲ್ಲಿ ಗದ್ದೆ ಮಾಡಿದರು. ಅವರು ಇಳಿದ ಜಾಗಗಳೂ ಕ್ಯಾಂಪುಗಳೇ. ಊರು ಒಂದು ಕಡೆ, ಕ್ಯಾಂಪು ಒಂದು ಕಡೆ. ಸಿಂಧನೂರು ಭತ್ತದ ಕಣಜ ಆದದ್ದು ಹೀಗೆ. ಊರಿನವರಿಗೂ ಕ್ಯಾಂಪಿನವರಿಗೂ ಮೊದಮೊದಲು ಮಾತು ತಿಳಿಯದಿದ್ದ ಕಾಲದಲ್ಲಿಯೂ ‘ಕೂಡ’ ಮತ್ತು ‘ಕೂಡದು’ ಎರಡೂ ಇಬ್ಬರಿಗೂ ತಿಳಿಯುತ್ತಿದ್ದವು. ಬಾಳುವೆ ಮಾಡಲು ಆರಂಭಕ್ಕೆ ಅಷ್ಟು ಶಬ್ದ ಸಾಕು.

ಈಗ ಎಲ್ಲರಿಗೂ ಗೊತ್ತಿರುವ ಗಾದೆಗೆ ಬರುತ್ತೇನೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಉಳಿತಾಯ ಕಲಿಸಲು ಇದನ್ನು ಹೇಳುತ್ತೇವೆ. ನಾನೂ ಹಾಗೆಯೇ ಕಲಿಸಿದೆ. ಆದರೆ ಒಂದು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಜೋಳ ಅಳೆಯುವುದನ್ನು ನೋಡುತ್ತಿದ್ದಾಗ ಗಾದೆಯ ಎರಡು ತುದಿಗಳೂ ಒಂದೇ ಮಾತು ಹೇಳುತ್ತಿಲ್ಲ ಎನಿಸಿತು. ಹಳ್ಳದಲ್ಲಿ ಹನಿಯನ್ನು ಹುಡುಕಿ ತೆಗೆಯಲಾಗುವುದಿಲ್ಲ, ಅದು ಹೋಯಿತು. ಬಳ್ಳದಲ್ಲಿ ಮಾತ್ರ ಒಂದೊಂದು ಕಾಳೂ ಕಾಣುತ್ತದೆ. ಬಳ್ಳ ತುಂಬಿದೆ, ಕಾಳು ಕಾಳಾಗಿಯೇ ಇದೆ, ಬಿತ್ತಿದರೆ ಮೊಳೆಯುತ್ತದೆ. ನಮ್ಮ ಹಿರಿಯರು ಎರಡು ಬಗೆಯ ಕೂಡುವಿಕೆಯನ್ನು ಒಂದೇ ಗಾದೆಯಲ್ಲಿ ಇಟ್ಟಿದ್ದಾರೆ. ಹಳ್ಳದ್ದು ವಿಲೀನ, ಬಳ್ಳದ್ದು ಒಕ್ಕೂಟ. ಹುಡುಗಿಗೆ ಕೊಡಬೇಕಾಗಿದ್ದ ಉತ್ತರದ ಅರ್ಧ ಇಲ್ಲಿತ್ತು.

ನದಿಗಳೂ ಎಲ್ಲ ಕಡೆ ಒಂದೇ ರೀತಿ ಕೂಡುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಕೂಡುತ್ತವೆ. ಮುಂದೆ ಹರಿಯುವ ನದಿಗೆ ಜನ ಹೊಸ ಹೆಸರನ್ನು ಹುಡುಕಲಿಲ್ಲ, ಒಂದರ ಹೆಸರನ್ನು ಅಳಿಸಲೂ ಇಲ್ಲ, ತುಂಗಭದ್ರಾ ಎಂದರು. ವ್ಯಾಕರಣದಲ್ಲಿ ಅದು ದ್ವಂದ್ವ ಸಮಾಸ, ಎರಡು ಪದಗಳಿಗೂ ಸಮ ಗೌರವ. ನಮ್ಮ ಗದ್ದೆಗೆ ಬರುವ ಪ್ರತಿ ಹನಿಯೂ ಈ ಎರಡು ಹೆಸರುಗಳನ್ನು ಹೊತ್ತು ಬರುತ್ತದೆ. ಇತ್ತ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಗೆ ಸೇರುತ್ತಾಳೆ. ಅಲ್ಲಿಂದ ಲಿಂಗಸುಗೂರಿನ ಕಡೆಗೆ ಬರುವ ನದಿ ಕೃಷ್ಣೆ ಮಾತ್ರ. ಬಸವಣ್ಣನವರ ಅಂಕಿತದಲ್ಲಿ ಆ ಸ್ಥಳದ ಹೆಸರಿದೆ. ಗಮನಿಸಿದರೆ ಆ ಹೆಸರೂ ಒಂದು ಕೂಡುವಿಕೆಯೇ: ‘ಕೂಡಲ’ ಕನ್ನಡದ್ದು, ‘ಸಂಗಮ’ ಸಂಸ್ಕೃತದ್ದು, ಎರಡಕ್ಕೂ ಅರ್ಥ ಒಂದೇ. ಒಂದು ಇನ್ನೊಂದನ್ನು ಓಡಿಸಲಿಲ್ಲ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ಸೀಮೆಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ, ತೊರೆಗಳ ಎಡೆಯ ನಾಡು. ಆ ಎರಡು ನದಿಗಳು ಕಡೆಗೆ ಕೂಡುವುದು ಆಲಂಪುರದ ಬಳಿಯ ಕೂಡವೆಲ್ಲಿಯಲ್ಲಿ. ಹೆಸರಿನಲ್ಲೇ ‘ಕೂಡು’ ಇದೆ. ಅಲ್ಲಿದ್ದ ಚಾಳುಕ್ಯರ ಕಾಲದ ಸಂಗಮೇಶ್ವರ ದೇವಾಲಯವನ್ನು ಶ್ರೀಶೈಲ ಜಲಾಶಯದ ಹಿನ್ನೀರು ಬಂದಾಗ ಕಲ್ಲು ಕಲ್ಲು ಬಿಚ್ಚಿ ಆಲಂಪುರಕ್ಕೆ ತಂದು ಮತ್ತೆ ಜೋಡಿಸಿದ್ದಾರೆ. ಆ ಆಲಂಪುರ 1956ರವರೆಗೆ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ರಾಜ್ಯ ಪುನರ್ವಿಂಗಡಣೆಯ ಕಾಯ್ದೆ ರಾಯಚೂರು ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಕೊಟ್ಟಾಗ ಆಲಂಪುರ, ಗದ್ವಾಲ ತಾಲ್ಲೂಕುಗಳನ್ನು ಬಿಟ್ಟು ಕೊಟ್ಟಿತು. ಅವು ಆಂಧ್ರಪ್ರದೇಶಕ್ಕೆ ಸೇರಿದವು. ನಾವು ಏಕೀಕರಣಗೊಂಡ ದಿನವೇ ನಮ್ಮ ಎರಡು ನದಿಗಳು ಒಂದಾಗುವ ಜಾಗ ನಮ್ಮ ಜಿಲ್ಲೆಯಿಂದ ಹೋಯಿತು. ಇದನ್ನು ದೂರಾಗಿ ಹೇಳುತ್ತಿಲ್ಲ. ಅಲ್ಲಿನ ಜನರ ಮಾತು ತೆಲುಗು, ಅವರು ಅವರ ರಾಜ್ಯಕ್ಕೆ ಹೋದರು. ಗೆರೆ ಎಳೆದು ಕೂಡಿಸುವಾಗ ಆ ಗೆರೆಯ ಆಚೆ ಯಾರೋ ಉಳಿಯುತ್ತಾರೆ ಎಂಬುದು ಮಕ್ಕಳಿಗೆ ಗೊತ್ತಿರಬೇಕು, ಅಷ್ಟೇ. ಅದಕ್ಕೂ ಮೊದಲು, 1905ರಲ್ಲಿ, ಲಿಂಗಸುಗೂರು ಜಿಲ್ಲೆ ಎಂಬುದನ್ನೇ ತೆಗೆದು ಸುರಪುರ, ಶಹಾಪುರಗಳನ್ನು ಕಲಬುರಗಿಗೂ ಲಿಂಗಸುಗೂರನ್ನು ರಾಯಚೂರಿಗೂ ಸೇರಿಸಿದ್ದರು. ಆಳುವವರು ಕೂಡಿಸುತ್ತಾರೆ, ಕಳೆಯುತ್ತಾರೆ.

ಇಲ್ಲಿಗೆ ಉತ್ತರದ ಉಳಿದರ್ಧ ಸಿಕ್ಕಿತು. ಕನ್ನಡದಲ್ಲಿ ‘ಕೂಡು’ ಬೇರೆ, ‘ಕೂಡಿಸು’ ಬೇರೆ. ‘ಇಸು’ ಪ್ರತ್ಯಯ ಬಂದರೆ ಮಾಡಿಸಿದವರು ಬೇರೆ ಯಾರೋ ಇದ್ದಾರೆ. ಏಕೀಕರಣ ಎಂದರೆ ಕೂಡಿಸಿದ್ದು. ಕೂಡುವ ಕೆಲಸವನ್ನು ಕಾಯ್ದೆ ಮಾಡಲಾರದು, ಅದು ನಮ್ಮ ಪಾಲಿನದು.

ತಾನಾಗಿ ಕೂಡಿದ್ದಕ್ಕೆ ಶಬ್ದ ಬೇಕೆಂದರೆ ಮಸ್ಕಿಗೆ ಹೋಗಬೇಕು. ಅಲ್ಲಿನ ದುರ್ಗದ ಗುಡ್ಡದ ಬಂಡೆಯ ಮೇಲಿನ ಬರಹವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡರು. ಹಟ್ಟಿಯ ಸೀಮೆಯಲ್ಲಿ ಚಿನ್ನದ ಹಾದಿ ಹುಡುಕುವವರಿಗೆ ಚಕ್ರವರ್ತಿಯೊಬ್ಬನ ಹೆಸರು ಸಿಕ್ಕಿತು. ಅಲ್ಲಿಯವರೆಗೆ ದೇಶದ ಬಂಡೆ ಕಂಬಗಳ ಮೇಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಓದಿಗೆ ದಕ್ಕಿದ್ದವು. ಮಸ್ಕಿಯ ಕಲ್ಲು ‘ಅಸೋಕಸ’ ಎಂದು ಹೆಸರು ಹೇಳಿತು. ಬಿರುದು ಹೊತ್ತವನೂ ಅಶೋಕನೂ ಒಬ್ಬನೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ಮೊದಲು ಸಿಕ್ಕಿದ್ದು ನಮ್ಮಲ್ಲಿ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಿದರು. ಇದು ಪಠ್ಯಪುಸ್ತಕದಲ್ಲಿದೆ, ಎಲ್ಲರಿಗೂ ಗೊತ್ತು.

ಅದೇ ಶಾಸನದಲ್ಲಿರುವ ಇನ್ನೊಂದು ಶಬ್ದ ಅಷ್ಟು ಪ್ರಸಿದ್ಧವಲ್ಲ. ‘ಮಿಸಿಭೂತಾ’. ಪ್ರಾಕೃತದ ಈ ರೂಪವನ್ನು ಸಂಸ್ಕೃತಕ್ಕೆ ತಂದರೆ ‘ಮಿಶ್ರೀಭೂತ’. ಈ ಹಿಂದೆ ಜಂಬೂದ್ವೀಪದಲ್ಲಿ ಮನುಷ್ಯರೊಂದಿಗೆ ಬೆರೆಯದೇ ಇದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂಬುದು ಅಲ್ಲಿನ ತಾತ್ಪರ್ಯ. ಬೇರೆ ಕಡೆಯ ಪ್ರತಿಗಳಲ್ಲಿ ಈ ಶಬ್ದದ ರೂಪ ಸ್ವಲ್ಪ ಬೇರೆ. ಅದನ್ನು ನೋಡಿ ‘ಮೃಷಾ’, ಎಂದರೆ ಸುಳ್ಳು, ಎಂದು ಅರ್ಥ ಮಾಡಿದವರಿದ್ದರು: ದೇವತೆಗಳು ಸುಳ್ಳೆಂದು ಅಶೋಕ ಸಾರಿದನೆಂದು. ಮಸ್ಕಿಯ ರೂಪ ಸಿಕ್ಕ ಮೇಲೆ ಬೆರೆಯುವ ಅರ್ಥಕ್ಕೇ ಬಲ ಬಂತು. ನಮ್ಮ ಗುಡ್ಡದ ಒಂದು ಶಬ್ದ ಒಬ್ಬ ಅರಸನ ಮನಸ್ಸಿನ ಬಗ್ಗೆ ಇದ್ದ ತಪ್ಪು ಓದನ್ನು ತಿದ್ದಿತು.

ಆ ಶಬ್ದದಲ್ಲಿರುವುದು ‘ಭೂತ’ ಎಂಬುದನ್ನು ನೋಡಿ. ‘ಮಿಶ್ರೀ’ ಎಂಬಲ್ಲಿ ಏಕೀಕರಣದ ಅದೇ ಚ್ವಿ ಪ್ರತ್ಯಯವಿದೆ, ಮುಂದೆ ‘ಕರಣ’ ಇಲ್ಲ. ಮಾಡಿಸಿದವನು ಅರಸನೇ ಇರಬಹುದು. ಕಲ್ಲಿನ ಮೇಲೆ ಮಾತ್ರ ಬೆರೆತರು ಎಂದಿದೆ. ಮತ್ತು ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ ಎಂದು ಆ ಶಾಸನ ಮುಂದುವರಿಯುತ್ತದೆ. 2,200 ವರ್ಷಗಳಿಗೂ ಹಿಂದೆ ಈ ಮಾತನ್ನು ಕೆತ್ತಿಸಲು ಮಸ್ಕಿಯ ಬಂಡೆ ಬೇಕಾಯಿತು ಎಂಬುದು ನನಗೆ ಇಂದಿಗೂ ಹೆಮ್ಮೆ.

ಆರ್.ಎಚ್. ಕ್ಯಾಂಪಿನ ಆ ಹುಡುಗಿಯ ಮನೆಗೆ ಒಮ್ಮೆ ಹೋಗಿದ್ದೆ. ಅವಳ ಅಜ್ಜಿಗೆ ಕನ್ನಡ ಅಷ್ಟಾಗಿ ಬಾರದು. ಇಲ್ಲಿ ಹೇಗಿದ್ದೀರಿ ಎಂದು ಮೊಮ್ಮಗಳ ಮೂಲಕ ಕೇಳಿಸಿದೆ. ಮುದುಕಿ ಕೈಬೆರಳುಗಳನ್ನು ಒಂದರೊಳಗೊಂದು ಹೆಣೆದು ತೋರಿಸಿ “ಮಿಶೇ ಗೇಛಿ” ಎಂದರು. “ಬೆರೆತು ಹೋಗೀವಿ ಅಂತಾಳ್ರಿ ಸರ್” ಎಂದು ಹುಡುಗಿ ಹೇಳಿದಳು. ನಾನು ಎದ್ದು ಬಂದ ಮೇಲೆ, ಬಸ್ಸಿನಲ್ಲಿ, ಆ ‘ಮಿಶೇ’ ಎಲ್ಲಿಯದು ಎಂದು ಹೊಳೆಯಿತು. ಬಂಗಾಲಿಯ ‘ಮಿಶಾ’ ಬಂದದ್ದು ಇದೇ ‘ಮಿಶ್ರ’ದಿಂದ. ಮಸ್ಕಿಯ ಬಂಡೆಯ ಮೇಲಿರುವ ಶಬ್ದದ ಮೊಮ್ಮಗಳು ಪದ್ಮಾ ನದಿಯ ಸೀಮೆಯಿಂದ ಹೊರಟು, ದೇಶ ಒಡೆದ ನೋವನ್ನು ದಾಟಿ, ಅದೇ ಬಂಡೆಯಿಂದ ಒಂದೆರಡು ತಾಸಿನ ದಾರಿಯಲ್ಲಿ ಬಂದು ಮನೆ ಮಾಡಿದೆ.

ಇನ್ನು ದೇವತೆಗಳು ಮನುಷ್ಯರೊಂದಿಗೆ ಬೆರೆಯುವುದು ಹೇಗೆ ಎಂದು ಕೇಳುವವರಿಗೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ತೋರಿಸುತ್ತೇನೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಯಾರು ಯಾವ ಮತದವರೆಂದು ಹೇಳುವುದು ಕಷ್ಟ. ಹರಕೆ ಹೊತ್ತ ಹಿಂದೂ ಮನೆಯ ಹುಡುಗ ಫಕೀರನಾಗುತ್ತಾನೆ, ಲಿಂಗವಂತರ ಮನೆಯ ತಾಯಿ ಸಕ್ಕರೆ ಓದಿಸುತ್ತಾಳೆ, ಚೊಂಗೆ ಹಂಚುತ್ತಾರೆ. ಆದರೂ ಆ ಹಬ್ಬ ಮುಗಿದ ಮರುದಿನ ಹಿಂದೂ ಹಿಂದೂವೇ, ಮುಸಲ್ಮಾನ ಮುಸಲ್ಮಾನನೇ. ಯಾರೂ ಕರಗಿ ಹೋಗಿಲ್ಲ. ಅದು ಬಳ್ಳದ ಕೂಡುವಿಕೆ.

ಅದೇ ತಾಲ್ಲೂಕಿನ ಅಮರೇಶ್ವರದವರು ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಶರಣರ ಷಟ್‌ಸ್ಥಲದ ಕೊನೆಯ ಮೆಟ್ಟಿಲು ‘ಐಕ್ಯ’. ಒಂದಾಗುವುದಕ್ಕೆ ಅದಕ್ಕಿಂತ ದೊಡ್ಡ ಶಬ್ದ ನಮ್ಮಲ್ಲಿಲ್ಲ. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರನ್ನು ಕೂಡಿಸಿಕೊಂಡವಳು ಎಂದು ಇದನ್ನು ಓದಿ ಆಕೆಯನ್ನು ನೆರಳೆಂದು ತಿಳಿಯಬೇಡಿ. ಮಾರಯ್ಯ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೇಕೆ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದವಳು ಆಕೆ. ಐಕ್ಯದ ಮಾತಾಡುವ ಮನೆಯಲ್ಲಿಯೂ ಹೆಂಡತಿ ಗಂಡನಿಗೆ ‘ಕೂಡದು’ ಎನ್ನಬಲ್ಲವಳಾಗಿದ್ದಳು.

ಈಚೆಗೆ ಪತ್ರಿಕೆಗಳಲ್ಲಿ ‘ಶಾಲೆಗಳ ವಿಲೀನ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿದೆ. ಮಕ್ಕಳು ಕಡಿಮೆ ಇರುವ ಸಣ್ಣ ಶಾಲೆಯನ್ನು ದೂರದ ದೊಡ್ಡ ಶಾಲೆಗೆ ಸೇರಿಸುವುದು. ಮಾಸ್ತರನಾಗಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಒಂದು ಕ್ಯಾಂಪಿನ, ಒಂದು ತಾಂಡಾದ ಶಾಲೆಗೆ ಬೀಗ ಬಿದ್ದರೆ ಅದಕ್ಕೆ ಕೂಡುವ ಶಬ್ದಗಳಲ್ಲಿ ಯಾವುದನ್ನೂ ಬಳಸಬಾರದು. ಮುಚ್ಚಿದ್ದು ಎಂದೇ ಬರೆಯಬೇಕು. ಹೆಣ್ಣುಮಕ್ಕಳು ನಡೆದು ಹೋಗಬೇಕಾದ ದಾರಿ ಎಷ್ಟು ಉದ್ದವಾಯಿತು ಎಂಬುದನ್ನು ‘ವಿಲೀನ’ ಎಂಬ ಶಬ್ದ ಮರೆಮಾಡುತ್ತದೆ. ಮುಚ್ಚುವುದೇ ಅನಿವಾರ್ಯವಾದರೆ ಆ ದಾರಿಗೆ ಬಸ್ಸು ಬಿಟ್ಟು ಆಮೇಲೆ ಮುಚ್ಚಲಿ.

ಕೇಳುತ್ತಿರುವ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಈ ಸಲ ನವೆಂಬರ್ 1ರಂದು ಧ್ವಜ ಏರಿಸಿ ಸಿಹಿ ಹಂಚಿದ ಮೇಲೆ ಮಕ್ಕಳನ್ನು ಮಸ್ಕಿಯ ಗುಡ್ಡಕ್ಕೆ ಕರೆದುಕೊಂಡು ಹೋಗಿ. ಊರಿನ ಮಕ್ಕಳು, ಎಲ್ಲ ಕ್ಯಾಂಪುಗಳ ಮಕ್ಕಳು, ತಾಂಡಾದ ಮಕ್ಕಳು ಒಂದೇ ಗಾಡಿಯಲ್ಲಿ ಹೋಗಲಿ. ಅಶೋಕನ ಹೆಸರು ಹೇಳಿದ ಮೇಲೆ ‘ಮಿಸಿಭೂತಾ’ ಎಂಬ ಶಬ್ದವನ್ನೂ ಅವರಿಗೆ ಹೇಳಿಕೊಡಿ. ನಿಮ್ಮ ಮನೆಯ ಮಾತಿನಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.